ಕಲ್ಲು ಒಣಗುವವರೆಗೆ

ಯಲಹಂಕ ದಾಟಿದರೆ ಬಾಗಲೂರಿನವರೆಗೂ ದ್ರಾಕ್ಷಿ ತೋಟ, ರಾಗಿ ಕೊಯ್ದ ಹೊಲ, ಹುಣಸೆ ಮರಗಳೇ ಕಾಣುತ್ತಿದ್ದ ಕಾಲ ಅದು. ವಾಯುಪಡೆಯ ವಿಮಾನ ತಲೆಯ ಮೇಲೆ ಹೋದರೆ ಕುಂಟೆಬಿಲ್ಲೆ ಅರ್ಧಕ್ಕೇ ಬಿಟ್ಟು ಕೈ ಬೀಸುತ್ತಿದ್ದೆವು. ಪೈಲಟ್ ನಮ್ಮನ್ನೇ ನೋಡಿದ ಅಂತ ಜಗಳ ಬೇರೆ.

ನಮ್ಮ ಮನೆ ಅಟ್ಟೂರಿನಲ್ಲಿತ್ತು. ನಮ್ಮದು ಹಳೆಯ ಕ್ರೈಸ್ತ ಕುಟುಂಬ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂದರೆ ಮನೆಯಲ್ಲಿ ಮಾಂಸದ ಘಮ ನಿಂತು ಹುರುಳಿಕಾಳು ಬೇಯುವ ವಾಸನೆ ಶುರುವಾಗುತ್ತಿತ್ತು. ಆ ದಿನಗಳ ಒಂದು ಶುಕ್ರವಾರ ಅಪ್ಪನ ತಾಯಿ, ನಮ್ಮಜ್ಜಿ, ನಮ್ಮನ್ನು ಬಾಗಲೂರಿನಾಚೆಯ ಪುಟ್ಟ ಪೇಟೆಯೊಂದಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಚರ್ಚಿನ ಹಿಂದೆ, ಬಾವಿಯ ಎದುರಿಗೆ, ವೇದಸಾಕ್ಷಿಗಳ ಕಲ್ಲುಗಳಿದ್ದವು. ದೇವರ ಹೆಸರಿಗಾಗಿ ಜೀವ ಕೊಟ್ಟವರನ್ನು ನಾವು ಹಾಗೆ ಕರೆಯುವುದು.

ಮೊಣಕಾಲೆತ್ತರದ ಒರಟು ಕಲ್ಲುಗಳು. ಒಂದೊಂದರ ನೆತ್ತಿಯ ಮೇಲೂ ಉಳಿಯಲ್ಲಿ ಕೊರೆದ ಶಿಲುಬೆಯ ಗೀರು. ಹೆಸರಿಲ್ಲ. ಬಹಳ ಹಿಂದೆ ಒಬ್ಬ ಪಾಳೇಗಾರ ನಮ್ಮ ಹಿರಿಯರನ್ನು ಹಿಡಿಸಿ ತಂದು, ‘ಚರ್ಚಿನಲ್ಲಿಟ್ಟ ಹೆಸರು ಬಿಟ್ಟು ಹಳೆಯ ಹೆಸರು ಹೇಳಿ, ನೀರು ಕೊಡಿಸುತ್ತೇನೆ’ ಎಂದನಂತೆ. ಅವರು ಹೇಳಲಿಲ್ಲ. ಬಾವಿಯನ್ನು ನೋಡುತ್ತಲೇ ಬಿಸಿಲಲ್ಲಿ ಸತ್ತರಂತೆ. ಉಳಿದವರು ಕಲ್ಲೇನೋ ನೆಟ್ಟರು, ಹೆಸರು ಬರೆಸುವ ಧೈರ್ಯ ಮಾಡಲಿಲ್ಲ. ಬರೆದರೆ ಯಾರ ಮನೆಯವರೆಂದು ಗೊತ್ತಾಗಿ ಅವರನ್ನೂ ಎಳೆದೊಯ್ಯುವ ಭಯ. ಆಗಿನಿಂದ ಒಂದೊಂದು ಮನೆತನಕ್ಕೆ ಒಂದೊಂದು ಕಲ್ಲು, ಅದರ ಹೆಸರು ಆ ಮನೆಯ ಹಿರಿಯರ ಬಾಯಿಂದ ಮಕ್ಕಳ ಕಿವಿಗೆ ಮಾತ್ರ.

ಅದೂ ಸುಮ್ಮನೆ ಸಿಗುವುದಲ್ಲ. ಬೆಳಿಗ್ಗೆ ಬಾವಿಯಿಂದ ನೀರು ಸೇದಿ ನಮ್ಮ ಕಲ್ಲನ್ನು ತೊಳೆಯಬೇಕು. ಅದು ತಾನಾಗಿ ಒಣಗುವವರೆಗೂ ಎದುರಿಗೆ ಕೂತಿರಬೇಕು. ಅಲ್ಲಿಯವರೆಗೆ ಒಂದು ಗುಟುಕು ನೀರು ಕುಡಿಯಬಾರದು, ತುತ್ತು ಅನ್ನ ಮುಟ್ಟಬಾರದು. ಹಾಗೆ ಕೂತು ಗೆದ್ದ ಮಗುವಿಗೆ ಒಂದೇ ಒಂದು ಸಲ ಹೆಸರು ಹೇಳುತ್ತಾರೆ. ಎರಡನೆಯ ಸಲ ಕೇಳುವ ಹಾಗಿಲ್ಲ.

ನಾನು ಕೂರುವ ಹಿಂದಿನ ವರ್ಷ ನಮ್ಮಣ್ಣ ಚೌರಿ ಗೆದ್ದಿದ್ದ. ವರ್ಷವಿಡೀ ನನ್ನನ್ನು ಅದರಲ್ಲೇ ಕುಣಿಸಿದ. ‘ಏ ಲೂರ್ದು, ನಂಗ್ ಗೊತ್ತು, ನಿಂಗ್ ಗೊತ್ತಿಲ್ಲ’ ಎನ್ನುವನು. ಅವನ ಪಾಲಿನ ನೀರು ನಾನೇ ಹೊತ್ತೆ, ನನ್ನ ಬೆಲ್ಲದಚ್ಚನ್ನೂ ಕೊಟ್ಟೆ. ತಿಂದು ಬಾಯಿ ಒರೆಸಿಕೊಂಡು, ‘ಯೋಳಿದ್ರೆ ನಾಲ್ಗೆ ಬಿದ್ದೋಯ್ತದಂತೆ ಕಣೆ’ ಎಂದು ಓಡಿಹೋದ.

ಈ ಸಲ ನನ್ನ ಸರದಿ. ಬಸ್ಸಿಳಿದವಳೇ ಬಾವಿಗೆ ಓಡಿದೆ. ಬಾಯಾರಿ ಸತ್ತವರಲ್ಲವೇ, ಹೊಟ್ಟೆ ತುಂಬ ಕುಡಿಯಲಿ ಎಂದು ಬಿಂದಿಗೆ ಬಿಂದಿಗೆಯೇ ಕಲ್ಲಿನ ಮೇಲೆ ಸುರಿದೆ. ಉಳಿದ ಮನೆಯವರೆಲ್ಲ ಒಂದು ಚೊಂಬು ನೀರಿನಲ್ಲಿ ತೊಳೆದು ಮುಗಿಸಿದ್ದರು.

‘ಅಯ್ಯೋ, ಎಷ್ಟ್ ಉಯ್ದ್‌ಬುಟ್ಟೆ ಮಗಾ!’ ಎಂದಳು ಅಜ್ಜಿ.

‘ಬುಡಜ್ಜಿ, ಇವ್ಳು ತೊಳ್ದಿಲ್ಲ, ಮುಳುಗ್ಸವ್ಳೆ. ಈಸ್ಟರ್‌ಗ್ ಒಣಗ್ತದೆ’ ಎಂದ ಚೌರಿ.

ಅದೇ ಹೊತ್ತಿಗೆ ಮೋಡ ಬರಬೇಕೇ! ಅಷ್ಟು ದಿನ ಸುಡುತ್ತಿದ್ದ ಸೂರ್ಯ ಅವತ್ತೇ ಮುಖ ಮುಚ್ಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಕಲ್ಲುಗಳೆಲ್ಲ ಒಣಗಿದವು. ಅವರವರು ಎದ್ದು ಹೋಗಿ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ಹುಳಿಯನ್ನದ ಒಗ್ಗರಣೆ ಘಮ ಗಾಳಿಯಲ್ಲಿ ತೇಲಿ ಬಂತು. ಸೌತೆಕಾಯಿ ಮಾರುವ ಹೆಂಗಸು ನನ್ನ ಎದುರಿಗೇ ಬುಟ್ಟಿ ಇಳಿಸಿ, ಕಾಯಿ ಸೀಳಿ ಉಪ್ಪು ಖಾರ ಸವರತೊಡಗಿದಳು. ಚೌರಿ ಅದನ್ನು ಕೊಂಡು ನನಗೆ ಕೇಳಿಸುವ ಹಾಗೆ ಕರುಂ ಕರುಂ ಎಂದು ಕಡಿದ. ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅವನ ತಲೆಗೆ ಅದೇ ಬಿಂದಿಗೆ ಎಸೆಯಬೇಕು ಅನ್ನಿಸಿತು.

ಸಂಜೆಯ ಹೊತ್ತಿಗೆ ನಮ್ಮ ಕಲ್ಲೂ ಒಣಗಿತು. ಶಿಲುಬೆಯ ಗೀರೊಂದು ಬಿಟ್ಟು. ಅದರ ಮೂಲೆಯಲ್ಲಿ ಒಂದು ಹನಿ ಮಿಣಮಿಣ ಎನ್ನುತ್ತಾ ಕೂತಿತ್ತು. ಲಂಗದ ತುದಿ ತಾಗಿಸಿದರೆ ಮುಗಿಯಿತು, ಆದರೆ ಒರೆಸುವ ಹಾಗಿಲ್ಲ. ಬಾಗಿ ಉಫ್ ಎಂದು ಊದಿದೆ. ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

‘ಊದ್ಬ್ಯಾಡ. ಅವ್ರಿಗ್ ಯಾರ್ ಊದಿದ್ರು?’

ಜೊತೆಗೆ ಬಂದಿದ್ದ ಅಪ್ಪ ಚೀಲ ಹೆಗಲಿಗೇರಿಸಿ ನಿಂತಿದ್ದರು. ‘ಅವ್ವಾ, ಕೊನೇ ಬಸ್ ಓಯ್ತದೆ. ಒಂದ್ ಅನಿಗೆ ಏನ್ ನೋಡ್ತೀಯ? ಮಗೀಗ್ ಯೋಳ್ಬುಡು.’

‘ನೀನ್ ಸುಮ್ಕಿರು. ಚಿಕ್ಕೋನಾಗಿದ್ದಾಗ ತಡ್ಕಣಕ್ಕಾಗ್ದೆ ಬಾವಿಗ್ ಓಡ್ದೋನು ನೀನು, ಮತ್ತೆ ಕೂರ್ಲೇ ಇಲ್ಲ. ಅದ್ಕೇ ಇವತ್ತಿಗೂ ನಿಂಗ್ ಎಸ್ರು ಗೊತ್ತಿಲ್ಲ’ ಎಂದಳು ಅಜ್ಜಿ. ಅಪ್ಪನ ಮುಖ ಸಣ್ಣದಾಯಿತು.

ನಾನು ಕಾಲು ಬಡಿದು ಅತ್ತೆ. ‘ನಾನ್ ಕುಡೀಲಿಲ್ಲ, ತಿನ್ಲಿಲ್ಲ, ಇನ್ನೇನ್ ಮಾಡ್ಬೇಕಿತ್ತು?’ ಎಂದು ಕಿರುಚಿದೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿದಳು, ತಲೆ ನೇವರಿಸಿದಳು, ಹೆಸರು ಮಾತ್ರ ಹೇಳಲಿಲ್ಲ. ‘ಬರೋ ವರ್ಸ ಕೂತ್ಕೋ ಮಗಾ. ಕಲ್ಲೇನ್ ಎದ್ದೋಗಲ್ಲ.’

ಕಲ್ಲು ಎದ್ದು ಹೋಗಲಿಲ್ಲ. ಕ್ರಿಸ್ಮಸ್ ಮುಗಿದ ಮೇಲೆ ಅಜ್ಜಿ ಹೋದಳು. ಹಾಸಿಗೆ ಹಿಡಿದಾಗ ನಾನು ಪಕ್ಕದಲ್ಲಿ ಕೂತು ಈಗಲಾದರೂ ಹೇಳು ಎಂದು ಬೇಡಿಕೊಂಡೆ. ‘ಚೌರಿಗ್ ಗೊತ್ತಲ್ಲ, ನೀನ್ ಕೂತ್ ಗೆದ್ಮೇಲೆ ಅವ್ನೇ ಯೋಳ್ತಾನೆ’ ಎಂದಳು. ಎಷ್ಟು ನೆಮ್ಮದಿಯಿಂದ ಅಂದಳೆಂದರೆ, ನನಗೂ ಭಯ ಹೋಯಿತು.

ಮುಂದಿನ ತಪಸ್ಸುಕಾಲಕ್ಕೆ ಮತ್ತೆ ಹೋದೆವು. ಒಂದೇ ಚೊಂಬು ನೀರು ಹಾಕಿದೆ. ಬಿಸಿಲು ಚುರ್ ಎನ್ನುತ್ತಿತ್ತು. ಮಧ್ಯಾಹ್ನದೊಳಗೆ ಕಲ್ಲು ಗೀರುಸಮೇತ ಒಣಗಿತು. ಗೆದ್ದೆ! ಕುಣಿಯುತ್ತಾ ಚೌರಿಯ ಮುಂದೆ ಹೋಗಿ ನಿಂತೆ.

ಚೌರಿ ನೆಲ ನೋಡಿದ. ಆಮೇಲೆ ಅಪ್ಪನ ಕಡೆ ನೋಡಿದ.

‘ಮರ್ತೋಯ್ತು ಕಣೆ ಲೂರ್ದು. ಅಜ್ಜಿ ಯೋಳಿದ್ಲು. ಬಾಯಾರಿಕೆಗೆ ಜೀವ ಓಯ್ತಿತ್ತು, ಸೀದಾ ಬಾವಿಗ್ ಓಡಿ ಕುಡುದ್ಬುಟ್ಟೆ. ಕುಡುದ್ಮೇಲೆ ನೆನ್ಪಿಗೇ ಬರ್ಲಿಲ್ಲ.’

‘ಮತ್ತೆ ಅಜ್ಜೀನ ಯಾಕ್ ಕೇಳ್ಲಿಲ್ಲ?’

‘ಎಲ್ಡ್ನೇ ಸಲ ಕೇಳಂಗಿಲ್ವಲ್ಲ.’

ಅಪ್ಪ ಹೊಡೆಯಲಿಲ್ಲ. ಬಾವಿಗೆ ಓಡಿದವರು ಹೇಗೆ ಹೊಡೆದಾರು?

ಈಗ ಅಪ್ಪನೂ ಇಲ್ಲ, ಚೌರಿಯೂ ಇಲ್ಲ. ನನಗೆ ಮಾತ್ರ ಆ ಸಿಟ್ಟು ಇಳಿದಿಲ್ಲ. ಪಾಳೇಗಾರನ ಮೇಲೂ ಅಷ್ಟು ಸಿಟ್ಟಿಲ್ಲ. ಅವನ ಎದುರಿಗೆ ಸಾಯುವಾಗಲೂ ಬಿಟ್ಟುಕೊಡದ ಹೆಸರನ್ನು ನಾವು ಒಂದು ಹನಿಗೆ, ಒಂದು ಗುಟುಕಿಗೆ ಕಳೆದೆವಲ್ಲ! ಅಜ್ಜಿ, ಅಷ್ಟು ಪ್ರೀತಿಸುತ್ತಿದ್ದವಳು, ಅಷ್ಟೊಂದು ಹಟ ಯಾಕೆ ಮಾಡಿದೆ?

ಈ ವರ್ಷ ಮೊಮ್ಮಗಳು ಜೆನ್ನಿ ತಾನಾಗಿಯೇ, ‘ಅಜ್ಜಿ, ಪ್ಲೀಸ್, ನಾನೂ ಕೂರ್ತೀನಿ’ ಎಂದಳು. ನನ್ನ ಸಂತೋಷ ಏನು ಹೇಳಲಿ! ಮೊಣಕಾಲು ನೋವು ಮರೆತು ಕಾರು ಹತ್ತಿದೆ. ದಾರಿಯುದ್ದಕ್ಕೂ ಲೇಔಟಿನ ಕಾಂಪೌಂಡುಗಳು. ಅಲ್ಲಿ ಬಾವಿಯ ಮೇಲೆ ಚಪ್ಪಡಿ ಎಳೆದು ನಲ್ಲಿ ಇಟ್ಟಿದ್ದಾರೆ. ಕಲ್ಲುಗಳ ಸುತ್ತ ಗ್ರಾನೈಟ್ ಹಾಸಿ, ದೊಡ್ಡ ಬೋರ್ಡು ಹಾಕಿದ್ದಾರೆ: ‘ಹೆಸರು ತಿಳಿಯದ ವೇದಸಾಕ್ಷಿಗಳು’. ಅದರ ಕೆಳಗೆ ಗ್ರಾನೈಟ್ ಹಾಕಿಸಿದವರ ಹೆಸರುಗಳು, ಚಿನ್ನದ ಬಣ್ಣದಲ್ಲಿ. ನೋಡಿ ಮೈ ಉರಿಯಿತು. ತಿಳಿಯದ ಅಂದರೇನು? ತಿಳಿದಿತ್ತು. ನಮ್ಮ ಮನೆಯಲ್ಲೇ ತಿಳಿದಿತ್ತು.

ಜೆನ್ನಿ ಬಿಸಿಲಲ್ಲಿ ಕೆಂಪಗಾಗಿ, ಬಾಟಲಿ ಮುಟ್ಟದೆ, ಅಲುಗಾಡದೆ ಕೂತಳು. ಬೇಡ ಮಗಳೇ, ಕುಡಿ ಎಂದರೂ ಕೇಳಲಿಲ್ಲ. ಕಲ್ಲು ಒಣಗಿದ ಕೂಡಲೇ ನನ್ನ ಮಡಿಲಿಗೆ ಒರಗಿದಳು. ಹೆಸರು ಕಳೆದುಹೋದ ಕತೆಯನ್ನೆಲ್ಲ ಹೇಳಿದೆ. ಆಮೇಲೆ ಆ ಕಲ್ಲಿನ ಮೇಲೆ ಅಂಗೈಯಿಟ್ಟು ಕೇಳಿದಳು:

‘ಹೋಗ್ಲಿ ಬಿಡಜ್ಜಿ. ಇವ್ರು ಅಜ್ಜೀನಾ, ತಾತಾನಾ?’

ಅದೂ ನನಗೆ ಗೊತ್ತಿರಲಿಲ್ಲ.