ದಿಮ್ಮಿ ಮೇಲಿನ ಕಾರು

ಆ ಕಾರನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕಾರು ಪಾಪ, ಏನೂ ಮಾಡಲಿಲ್ಲ. ನಾಲ್ಕು ದಿಮ್ಮಿಗಳ ಮೇಲೆ ಸುಮ್ಮನೆ ನಿಂತಿತ್ತು, ಅಷ್ಟೇ. ಅದನ್ನು ಹಾಗೆ ನಿಲ್ಲಿಸಿದವನು ನನ್ನಪ್ಪ.

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಯ ಅಕ್ಕಿ ಗಿರಣಿ ಸಾವ್ಕಾರರೊಬ್ಬರ ಮನೆಯಲ್ಲಿ ಅಪ್ಪ ಡ್ರೈವರ್ ಆಗಿದ್ದ. ಬೇಸಿಗೆಯಲ್ಲಿ ಅವರನ್ನು ನಲ್ಲೂರಿನ ಬೀಗರ ಮನೆಗೆ, ಸೂಳೆಕೆರೆ ಕೆಳಗಿನ ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದ. ಮಳೆ ಹಿಡಿದರೆ ಹಳ್ಳಿ ದಾರಿಯ ಎರೆಮಣ್ಣಲ್ಲಿ ಚಕ್ರ ಹೂತುಹೋಗುತ್ತಿತ್ತು. ಅದಕ್ಕೇ ಮೃಗಶಿರ ಮಳೆಗೆ ಮೊದಲು ಕಾರನ್ನು ಎತ್ತಿಡುವುದು, ಆಯುಧಪೂಜೆಯ ಹಿಂದಿನ ದಿನ ಇಳಿಸುವುದು ಆ ಮನೆಯ ಪದ್ಧತಿ.

ಎತ್ತಿಡುವ ದಿನ ಅಪ್ಪನ ಗತ್ತು ನೋಡಬೇಕಿತ್ತು. ಜಾಕ್ ಕೊಟ್ಟು ಒಂದೊಂದೇ ಮೂಲೆ ಎತ್ತಿ ಮತ್ತಿ ಮರದ ದಿಮ್ಮಿ ಕೂರಿಸುತ್ತಿದ್ದ. ನಾಲ್ಕೂ ಚಕ್ರ ನೆಲ ಬಿಡಬೇಕು, ಇಲ್ಲದಿದ್ದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಬ್ಯಾಟರಿ ಬಿಚ್ಚಿ ಹಲಗೆಯ ಮೇಲಿಡುವುದು, ರೇಡಿಯೇಟರಿನ ನೀರು ಇಳಿಸುವುದು, ಪೆಟ್ರೋಲನ್ನು ಡಬ್ಬಿಗೆ ತುಂಬುವುದು, ಬಂಪರಿಗೆ ಹರಳೆಣ್ಣೆ ಸವರುವುದು, ಇಲಿ ನುಗ್ಗದಂತೆ ಹೊಗೆ ಕೊಳವೆಗೆ ಬಟ್ಟೆ ತುರುಕುವುದು. ಸೀಟಿನ ಕೆಳಗೆ ಬೇವಿನ ಸೊಪ್ಪು, ದಿಮ್ಮಿಗಳ ಸುತ್ತ ಇರುವೆ ಹತ್ತದಂತೆ ಬೂದಿಯ ಗೆರೆ. ಕೊನೆಗೆ, ವೈಪರಿನ ರಬ್ಬರು ಗಾಜಿಗೆ ಅಂಟಬಾರದೆಂದು ಅದರಡಿ ಒಂದೊಂದು ಬೆಂಕಿಕಡ್ಡಿ. ನಮ್ಮ ಮನೆಯ ಹೆಂಚು ಮೂರು ಕಡೆ ಸೋರುತ್ತಿತ್ತು. ಅಪ್ಪನಿಗೆ ಮಾತ್ರ ಕಾರಿನ ಟಾರ್ಪಾಲಿನದೇ ಚಿಂತೆ. ಅವ್ವ ಪಾತ್ರೆ ಇಟ್ಟು ಇಟ್ಟು ಸುಸ್ತಾಗಿ ಬಯ್ಯುತ್ತಿದ್ದಳು. ಆ ಕಾರಿನೊಳಗೆ ನಾನಾಗಲಿ ಅವಳಾಗಲಿ ಒಂದು ದಿನವೂ ಕೂತವರಲ್ಲ.

ಆ ವರ್ಷ ಕಾರು ಎತ್ತಿಟ್ಟು ಒಂದು ತಿಂಗಳಾಗಿರಬೇಕು. ಜಗಳೂರಿನ ಹತ್ತಿರದ ಒಂದು ಖಾಸಗಿ ಶಾಲೆಯಿಂದ ನನಗೆ ಕಾಗದ ಬಂತು. ಟೀಚರ್ ಕೆಲಸಕ್ಕೆ ಸಂದರ್ಶನ, ಇಂಥ ದಿನ ಹನ್ನೆರಡು ಗಂಟೆಗೆ ತಪ್ಪದೆ ಹಾಜರಾಗಬೇಕು. ಆಗ ನನಗೆ ಹತ್ತೊಂಬತ್ತು. ಅವ್ವ ಒಂದೇ ಮಾತು ಹೇಳಿದ್ದಳು: "ಕೆಲಸ ಸಿಕ್ರೆ ಎರಡು ವರ್ಷ ನಿನ್ ಮದ್ವಿ ಮಾತು ಎತ್ತಲ್ಲ. ಸಿಗ್ಲಿಲ್ಲ ಅಂದ್ರೆ ಕಾರ್ತಿಕ ಕಳೀತಿದ್ದಂಗೆ ಚನ್ನಗಿರಿ ಗಂಡಿಗೆ ಹೂಂ ಅನ್ನಬೇಕು." ನಾನು ಒಪ್ಪಿದ್ದೆ. ಸಿಕ್ಕೇ ಸಿಗುತ್ತದೆ ಅಂತ ಅಷ್ಟು ಧೈರ್ಯ ನನಗೆ.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಅಪ್ಪನೂ ನಾನೂ ಬಸ್ ಸ್ಟ್ಯಾಂಡಿಗೆ ಹೋದರೆ ಒಂದು ಬಸ್ಸೂ ಇಲ್ಲ. ಬಸ್ಸಿನವರೆಲ್ಲ ಮುಷ್ಕರ ಹೂಡಿದ್ದಾರೆಂದು ಚಹಾದ ಅಂಗಡಿಯವನು ಹೇಳಿದ. ಸೈಕಲ್ಲಿನಲ್ಲಿ ಹೊನ್ನಾಳಿ ಮುಟ್ಟಿದರೂ ಅಲ್ಲಿಂದ ಮುಂದೆ ದಾರಿಯಿಲ್ಲ. ಅಪ್ಪ ಸಾವ್ಕಾರರ ಮನೆಯ ಕಡೆ ತಿರುಗಿದ. ನಾನು ಹಿಂದೆ ಹೋದೆ.

ಸಾವ್ಕಾರರು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ಅಪ್ಪ ಸಂಗತಿ ಹೇಳಿದ. ಕಾರಿನ ಹೆಸರೆತ್ತಲಿಲ್ಲ. ಅವರೇ ಬಾಯಿ ಮುಕ್ಕಳಿಸಿ ಅಂದರು: "ಬಸ್ಸಿಲ್ಲ ಅಂದ್ರೆ ಕಾರ್ ತಗಂಡು ಹೋಗೋ. ಸುಮ್ನೆ ನಿಂತೈತೆ."

ನಾನು ಆಗಲೇ ಲೆಕ್ಕ ಹಾಕತೊಡಗಿದೆ. ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು, ಡಾಂಬರು ರಸ್ತೆ ಒಣಗಿತ್ತು. ಕಾರು ಇಳಿಸಲು ಅಪ್ಪನಿಗೆ ಒಂದು ತಾಸು ಸಾಕು. ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ ಹೊಡೆದರಾಯಿತು.

ಅಪ್ಪ ಅಂದ: "ಅಯ್ಯೋ, ಬ್ಯಾಡ ಬಿಡ್ರಿ ಸಾವ್ಕಾರ್ರೆ. ಎತ್ತಿಟ್ಟೈತೆ, ಈಗ ಯಾಕ್ ಇಳ್ಸಾದು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರಾದರೂ ಊಟಕ್ಕೆ ಏಳಿ ಅಂದರೆ ಮೊದಲ ಸಲಕ್ಕೇ ಎದ್ದವನು ಹೊಟ್ಟೆಬಾಕ. ಬೇಡ ಅನ್ನಬೇಕು. ಅವರು ಮತ್ತೆ ಕರೆಯಬೇಕು. ಮತ್ತೆ ಬೇಡ ಅನ್ನಬೇಕು. ಅವರು ಕೈ ಹಿಡಿದು ಎಳೆಯಬೇಕು. ಆಗ "ನೀವಿಷ್ಟು ಹೇಳ್ತೀರಿ ಅಂತ" ಅಂದುಕೊಂಡು ಎಲೆಯ ಮುಂದೆ ಕೂರಬೇಕು. ಹೊಟ್ಟೆ ಹಸಿದು ಸಾಯುತ್ತಿದ್ದರೂ ಇದೇ ಮರ್ಯಾದೆ. ಅಪ್ಪ ಎರಡನೆಯ ಮಾತಿಗೆ ಕಾಯುತ್ತಿದ್ದ. ಕೈ ಕಟ್ಟಿಕೊಂಡು, ನೆಲ ನೋಡುತ್ತ ಕಾಯುತ್ತಿದ್ದ.

"ಹಂಗಾದ್ರೆ ನಿನ್ನಿಷ್ಟ" ಅಂದರು ಸಾವ್ಕಾರರು. ಟವೆಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಅಷ್ಟೇ. ಮುಗಿಯಿತು. ಅಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ, ಅವರು ಹೊರಗೆ ಬಂದು ಇನ್ನೊಂದು ಸಲ ಅನ್ನುತ್ತಾರೇನೋ ಅಂತ. ಒಳಗಿನಿಂದ ಕಾಫಿಯ ವಾಸನೆ ಬಂತು, ಸಾವ್ಕಾರರು ಬರಲಿಲ್ಲ. ಹನ್ನೆರಡು ಗಂಟೆ ಹೊಡೆಯುವಾಗ ನಾನು ಸಂದರ್ಶನಕ್ಕೆಂದು ಉಟ್ಟ ಇಸ್ತ್ರಿ ಸೀರೆಯಲ್ಲೇ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ ಅಂತ ಹದಿನೈದು ದಿನಕ್ಕೆ ಕಾರ್ಡು ಬಂತು. ಅವ್ವ ಅದನ್ನು ಓದಿಸಿಕೊಂಡು ಚನ್ನಗಿರಿಗೆ ಹೇಳಿ ಕಳಿಸಿದಳು.

ಆಯುಧಪೂಜೆಗೆ ಅಪ್ಪ ಕಾರು ಇಳಿಸಿದ. ಪೂಜೆಗೆ ನಾವೂ ಹೋಗಬೇಕಿತ್ತು, ಹೋದೆವು. ಹೊಸ ಬಾಳೆಕಂದು ಕಟ್ಟಿಸಿಕೊಂಡು, ಚೆಂಡು ಹೂವಿನ ಸರ ಹಾಕಿಸಿಕೊಂಡು ಅದು ಮದುಮಗನಂತೆ ನಿಂತಿತ್ತು. ಒಂದು ಚುಕ್ಕೆ ತುಕ್ಕಿಲ್ಲ, ಒಂದು ಇಲಿಯ ಹಿಕ್ಕೆಯಿಲ್ಲ. ಬಂದವರೆಲ್ಲ ಅಪ್ಪನನ್ನು ಹೊಗಳಿದರು. ಅಪ್ಪ ವೈಪರಿನಡಿಯ ಬೆಂಕಿಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡ, ಮುಂದಿನ ವರ್ಷಕ್ಕೆ ಬೇಕಲ್ಲ ಎಂದು. ಅದನ್ನು ಕಂಡು ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಮಂಡಕ್ಕಿ ಹಂಚುವಾಗ ಸಾವ್ಕಾರರು ನನ್ನನ್ನು ನೋಡಿ ಕೇಳಿದರು: "ಏನವ್ವಾ, ಆ ಕೆಲಸ ಏನಾತು?"

"ಹೋತು ರೀ. ಹೋಗಾಕೆ ಆಗ್ಲಿಲ್ಲ."

"ಅಲ್ಲ, ಕಾರ್ ತಗಂಡು ಹೋಗು ಅಂದಿದ್ನಲ್ಲ ನಿಮ್ಮಪ್ಪಗೆ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಇನ್ನೊಂದ್ ಸಲ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ರಿ?" ಅಂದೆ. ಜನ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ನೋಡಿದರು. ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

ದಾರಿಯುದ್ದಕ್ಕೂ ಅಪ್ಪನನ್ನು ಬಯ್ದೆ. ನಿನಗೆ ಮಗಳಿಗಿಂತ ಕಾರು ಹೆಚ್ಚು, ಕಾರಿಗಿಂತ ಸಾವ್ಕಾರ ಹೆಚ್ಚು, ಎಲ್ಲಕ್ಕಿಂತ ನಿನ್ನ ಹಾಳು ಮರ್ಯಾದೆ ಹೆಚ್ಚು ಅಂದೆ. ಅಪ್ಪ ತಲೆ ತಗ್ಗಿಸಿಕೊಂಡು ನಡೆದ. ಮನೆ ಹತ್ತಿರ ಬಂದಾಗ ನಿಂತ.

"ನಾನು ಬ್ಯಾಡ ಅಂದಾಗ ನೀನೂ ಪಕ್ಕದಾಗೇ ಇದ್ದಿ," ಅಂದ. "ಬೇಕಪ್ಪಾ, ನಾನು ಹೋಗ್ಲೇಬೇಕು ಅಂತ ಒಂದು ಮಾತು ಅಂದಿದ್ರೆ, ಅವ್ರ ಕಾಲು ಹಿಡಿದಾದ್ರೂ ಕಾರ್ ಇಳಸ್ತಿದ್ದೆ. ನೀನ್ಯಾಕ್ ಸುಮ್ನಿದ್ದಿ?"

ನನಗೆ ಉತ್ತರ ಗೊತ್ತಿತ್ತು. ಆವತ್ತು ಅಪ್ಪ ನನ್ನ ಕಡೆ ತಿರುಗಿ, "ಏನ್ ಮಗಾ, ಕಾರ್ ಕೇಳ್ಲಾ?" ಅನ್ನಲಿ ಅಂತ ನಾನೂ ಕಾಯುತ್ತಿದ್ದೆ.