ರೇಡಿಯೋ ಮಾಮನ ಎದೆಗೆ ಪೋರ್ಟ್ ಹಾಕಿದ್ದು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಸಲೂನ್ ಇಟ್ಟುಕೊಂಡಿದ್ದ ಅವನನ್ನು ಎಲ್ಲರೂ ರೇಡಿಯೋ ಮಾಮ ಎಂದೇ ಕರೆಯುತ್ತಿದ್ದರು. ಕತ್ತರಿ ಆಡುವಷ್ಟು ಹೊತ್ತೂ ಅವನ ನಾಲಿಗೆ ಆಡುತ್ತಿತ್ತು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿ ಬಿಡಲಾಗದೆ ಕೂತ ಗಿರಾಕಿಗೆ ಓಣಿಯ ಸುದ್ದಿಯೆಲ್ಲ ಒಪ್ಪಿಸಿಬಿಡುತ್ತಿದ್ದ. “ರೇಡಿಯೋ ಆದ್ರೆ ಕಿವಿ ತಿರುಗಿಸಿ ನಿಲ್ಲಿಸ್ಬಹುದು, ಈ ಮನುಷ್ಯನಿಗೆ ಕಿವೀನೇ ಇಲ್ಲ” ಎಂದು ಹೆಂಡತಿ ಹೇಳುತ್ತಿದ್ದುದಕ್ಕೆ ಮೊದಲು ನಗುತ್ತಿದ್ದವನು ಅವನೇ.

ಹೊಟ್ಟೆನೋವು ಎಂದು ಆಸ್ಪತ್ರೆಗೆ ಹೋದವನ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು. ಗಡ್ಡೆ ತೆಗೆದದ್ದೇನೋ ಸರಿ, ಆದರೆ ಕ್ಯಾನ್ಸರ್ ಮತ್ತೆ ತಲೆ ಎತ್ತದಿರಲು ಕೀಮೋ ಕೊಡಲೇಬೇಕು ಎಂದರು ಡಾಕ್ಟರು. ಮೊದಲ ಸಲ ಎಡಗೈಯ ನರಕ್ಕೆ ಚುಚ್ಚಿ ಔಷಧ ಹನಿಸಿದರು. ಮನೆಗೆ ಬರುವಷ್ಟರಲ್ಲಿ ಆ ನರ ಹಗ್ಗದ ಹಾಗೆ ಗಟ್ಟಿಯಾಗಿತ್ತು. ಎರಡನೆಯ ಸಲ ಸಿಸ್ಟರ್ ಎಡಗೈಯಲ್ಲಿ ಹುಡುಕಿ ಹುಡುಕಿ ಸೋತು ಬಲಗೈಗೆ ಬಂದಳು. ಔಷಧ ನರ ಬಿಟ್ಟು ಹೊರಗೆ ಸೋರಿತು. ಕತ್ತರಿ ಹಿಡಿಯುವ ಆ ಕೈಯ ಹಿಂಬದಿ ಸುಟ್ಟ ಹಾಗೆ ಕಪ್ಪಾಗಿ ಊದಿಕೊಂಡಿತು.

“ಇನ್ನು ಕೈಗೆ ಬೇಡ, ಪೋರ್ಟ್ ಹಾಕಿಬಿಡೋಣ” ಎಂದರು ಡಾಕ್ಟರು. “ಎದೆ ಚರ್ಮದ ಕೆಳಗೆ ಒಂದು ಪುಟ್ಟ ಡಬ್ಬಿ ಇಡ್ತೀವಿ, ನಾಣ್ಯದಷ್ಟು ಅಗಲ ಇರತ್ತೆ. ಅದರಿಂದ ತೆಳ್ಳಗಿನ ಕೊಳವೆ ಕತ್ತಿನ ಹತ್ರ ದೊಡ್ಡ ರಕ್ತನಾಳದೊಳಗೆ ಹೋಗತ್ತೆ. ಆಮೇಲೆ ಪ್ರತಿ ಸಲ ಸೂಜಿ ಆ ಡಬ್ಬಿಗೇ. ನರ ಹುಡುಕೋ ಗೋಜಿಲ್ಲ.”

“ಯಾವ ಕಡೆ ಸಾರ್?”

“ಬಲಗಡೆ. ಆ ಕಡೆಯಿಂದ ದಾರಿ ನೇರ.”

“ನಾನು ಬಲಗೈಯಲ್ಲಿ ಕೆಲಸ ಮಾಡೋನು ಸಾರ್.”

“ಗಾಯ ಮಾಗ್ಲಿ, ಆಮೇಲೆ ಮಾಡಿ” ಎನ್ನುತ್ತಾ ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿದ್ದರು. ರೇಡಿಯೋ ಮಾಮನಿಗೆ ಕೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು. ಎದ್ದು ಹೊರಗೆ ಬಂದ.

ಗೊತ್ತುಮಾಡಿದ ದಿನ ಬೆಳಿಗ್ಗೆ ನೀರೂ ಮುಟ್ಟದೆ ಹೆಂಡತಿ ಮಗಳ ಜೊತೆ ಹೋದ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ರಜೆ ಹಾಕಿದ್ದಳು. ಬೆನ್ನ ಹಿಂದೆ ದಾರ ಕಟ್ಟುವ ಗೌನು ತೊಡಿಸಿದರು, ರಕ್ತ ತೆಗೆದುಕೊಂಡು ಹೋದರು. ಮೂವರೂ ಬೆಂಚಿನ ಮೇಲೆ ಕಾದರು. ಮಧ್ಯಾಹ್ನ ಸಿಸ್ಟರ್ ಬಂದು, “ಪ್ಲೇಟ್‌ಲೆಟ್ ಕಡಿಮೆ ಇದೆ ಯಜಮಾನ್ರೇ, ಇವತ್ತು ಕುಯ್ದರೆ ರಕ್ತ ನಿಲ್ಲೋದು ಕಷ್ಟ. ಮುಂದಿನ ವಾರ ಬನ್ನಿ” ಎಂದಳು.

“ಏನು ತಿಂದ್ರೆ ಜಾಸ್ತಿ ಆಗತ್ತಮ್ಮ?”

“ತಿಂದು ಏರಿಸೋದಲ್ಲ ಅದು. ತಾನಾಗೇ ಏರ್ಬೇಕು.”

ಆ ವಾರ ಅವನು ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಏನಾದರೂ ಮಾಡು ಎಂದಿದ್ದರೆ ಮಾಡುತ್ತಿದ್ದ, ಬೆಟ್ಟ ಹತ್ತು ಎಂದರೂ ಹತ್ತುತ್ತಿದ್ದ. ಕಾಯುವುದನ್ನು ಹೇಗೆ ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಕುಡಿಯುವ ನೀರು ಬೆಚ್ಚಗಿಲ್ಲ ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಎದುರಾಡದೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಹಿಂದೆ ಆಗಿದ್ದರೆ ಒಂದಕ್ಕೆರಡು ಹೇಳುತ್ತಿದ್ದವಳು. ಅವಳು ಬಯ್ಯದೆ ಹೋದದ್ದೇ ಅವನನ್ನು ಹೆಚ್ಚು ಹೆದರಿಸಿತು.

ಮುಂದಿನ ವಾರ ರಕ್ತ ಸರಿಯಿತ್ತು. ವಾರ್ಡಿನವನೊಬ್ಬ ಬಂದು ಎದೆಯ ಬಲಭಾಗದ ಕೂದಲು ತೆಗೆದ, ನೀರೂ ಇಲ್ಲ, ಸೋಪೂ ಇಲ್ಲ, ಕರಕರ ಎಂದು. “ನಿಧಾನ ಕಣಪ್ಪ” ಎಂದು ನಾಲಿಗೆ ತುದಿಗೆ ಬಂದದ್ದನ್ನು ರೇಡಿಯೋ ಮಾಮ ನುಂಗಿಕೊಂಡ.

ಆಪರೇಷನ್ ಕೋಣೆ ಮೈ ನಡುಗುವಷ್ಟು ತಣ್ಣಗಿತ್ತು. ಮಲಗಿಸಿ ಮುಖವನ್ನು ಎಡಕ್ಕೆ ತಿರುಗಿಸಿದರು. ಕತ್ತಿನಿಂದ ಎದೆಯವರೆಗೆ ತಣ್ಣನೆಯ ಔಷಧ ಬಳಿದು ಮುಖದ ಮೇಲೆ ಹಸಿರು ಬಟ್ಟೆ ಎಳೆದರು. ಪೂರ್ತಿ ನಿದ್ದೆ ಬರಿಸುವುದಿಲ್ಲ, ಮಂಪರು ಬರಲು ಒಂದಿಷ್ಟು ಕೊಡುತ್ತೇವೆ ಎಂದಿದ್ದರು. ಆ ಮಂಪರು ಎಲ್ಲಿ ಹೋಯಿತೋ ಏನೋ, ಅವನಿಗೆ ಎಲ್ಲ ಕೇಳಿಸುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಚೇಳು ಕುಟುಕಿದ ಹಾಗೆ ಉರಿಯಿತು. ಆಮೇಲೆ ನೋವಿರಲಿಲ್ಲ. ಒತ್ತುವುದು, ಎಳೆಯುವುದು, ಚೀಲದೊಳಗೆ ಏನನ್ನೋ ತುರುಕಿದ ಹಾಗೆ ಅದುಮುವುದು ಮಾತ್ರ ಗೊತ್ತಾಗುತ್ತಿತ್ತು. ಆ ಚೀಲ ತನ್ನದೇ ಎದೆ ಎಂದು ಆಗಾಗ ನೆನಪಾಗುತ್ತಿತ್ತು. ಮೇಲೆ ಡಾಕ್ಟರು ಕೆಟ್ಟು ನಿಂತ ತಮ್ಮ ಸ್ಕೂಟರಿನ ಕಥೆ ಹೇಳುತ್ತಿದ್ದರು.

ಇದ್ದಕ್ಕಿದ್ದಂತೆ ಎದೆ ದಡಬಡ ಎಂದು ತಾಳ ತಪ್ಪಿತು.

“ಡಾಕ್ಟ್ರೇ—”

“ಮಾತಾಡ್ಬೇಡಿ, ಕತ್ತು ಅಲುಗತ್ತೆ. ಕೊಳವೆ ತೂರಿಸೋ ತಂತಿ ಹೃದಯಕ್ಕೆ ತಾಗಿತ್ತು, ಹಿಂದೆ ತಗೊಂಡೆ. ಈಗ ಸರಿಹೋಯ್ತಲ್ಲ?”

ಸರಿಹೋಗಿತ್ತು. ಆದರೆ ಮಾತಾಡಬೇಡಿ ಎಂದಿದ್ದರಲ್ಲ, ಹೌದು ಎನ್ನಬಹುದೋ ಬಾರದೋ ತಿಳಿಯದೆ ಸುಮ್ಮನಿದ್ದ. ಕಣ್ಣೀರು ಮೂಗಿನ ಮೇಲಿಂದ ಇಳಿದು ಎಡಗಿವಿಗೆ ಹರಿಯಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಬಟ್ಟೆಯ ಅಂಚಿನಿಂದ ಯಾರದೋ ಗ್ಲೌಸಿನ ಕೈ ಒಳಗೆ ಬಂದು ಹತ್ತಿಯಿಂದ ಕೆನ್ನೆ ಒರೆಸಿತು. “ಆಯ್ತು ಅಂಕಲ್, ಹೊಲಿಗೆ ಒಂದೇ ಬಾಕಿ” ಎಂದಿತು ಒಂದು ಹೆಣ್ಣುದನಿ. ಅವಳ ಮುಖ ಅವನಿಗೆ ಕಾಣಲೇ ಇಲ್ಲ.

ಎಕ್ಸ್‌ರೇ ತೆಗೆದು, ಕೊಳವೆ ಸರಿಯಾದ ಜಾಗದಲ್ಲಿದೆ ಎಂದು ಸಂಜೆಗೇ ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಹೆಂಡತಿ, “ಏನೇನು ಮಾಡಿದ್ರು ರೀ? ನೋವಾಯ್ತಾ?” ಎಂದು ಕೇಳುತ್ತಲೇ ಇದ್ದಳು.

“ಸ್ಕೂಟರ್ ಕೆಟ್ಟಿತ್ತಂತೆ” ಎಂದ ಅವನು. ಅವಳು ಮಗಳ ಮುಖ ನೋಡಿದಳು.

ಮರುದಿನ ಭುಜ, ಕತ್ತು ಕೊರಡಿನಂತಾಗಿದ್ದವು. ಪಟ್ಟಿಯ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಆಮೇಲೆ ಹಳದಿಯಾಯಿತು. ಜ್ವರ ಬಂದರೆ, ಗಾಯ ಕೆಂಪಾದರೆ, ಕೀವು ಸೋರಿದರೆ ಕೂಡಲೇ ಬನ್ನಿ ಎಂದಿದ್ದರಿಂದ ಹೆಂಡತಿ ಗಳಿಗೆಗೊಮ್ಮೆ ಅವನ ಹಣೆ ಮುಟ್ಟುತ್ತಿದ್ದಳು. ಬನಿಯನ್ ತಲೆಯ ಮೇಲಿಂದ ಹಾಕಿಕೊಳ್ಳಲಾಗದೆ ಗುಂಡಿಯ ಅಂಗಿಯಲ್ಲೇ ಇದ್ದ. ಗುಂಡಿ ಹಾಕುವವಳು ಅವಳು. ಪಟ್ಟಿಗೆ ನೀರು ತಾಗದ ಹಾಗೆ ಮೈ ಒರೆಸುವವಳೂ ಅವಳೇ. ಮೊದಲ ದಿನ ನಾಚಿಕೆಯಾಯಿತು. ಆಮೇಲೆ ಅದೂ ಆಗದಾಯಿತು.

ಗಾಯ ಮಾಗಿದ ಮೇಲೆ ಸಲೂನಿಗೆ ಹೋದ. ಅಲ್ಲಿ ಎರಡೂ ಕುರ್ಚಿಯನ್ನು ಭಾವಮೈದುನನೇ ನೋಡಿಕೊಳ್ಳುತ್ತಿದ್ದ. ಹಳೆಯ ಗಿರಾಕಿಯಾದ ಅಂಚೆಯವರು, “ನೀನೇ ಕತ್ತರಿ ಹಿಡೀಬೇಕು ಮಾರಾಯ, ಇಲ್ಲಾಂದ್ರೆ ನಾನು ಜಡೆ ಹಾಕ್ಕೊಂಡೇ ಹೋಗ್ತೀನಿ” ಎಂದು ಹಟ ಹಿಡಿದರು. ಅವನು ನಕ್ಕು ಕತ್ತರಿ ತೆಗೆದುಕೊಂಡ. ಕೈ ಮೇಲೆತ್ತಿದಾಗ ಕಾಲರಿನ ಮೂಳೆಯ ಕೆಳಗೆ ಡಬ್ಬಿ ಚರ್ಮವನ್ನು ಜಗ್ಗಿತು. ಅದನ್ನಾದರೂ ತಡೆದುಕೊಳ್ಳುತ್ತಿದ್ದ. ಔಷಧದಿಂದ ಬೆರಳ ತುದಿ ಜೋಮು ಹಿಡಿದು, ಕತ್ತರಿಯ ಉಂಗುರದೊಳಗೆ ಬೆರಳಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಕಿವಿಯ ಹತ್ತಿರ ಬಂದಾಗ ಕೈ ನಿಂತಿತು. ಕನ್ನಡಿಯಲ್ಲಿ ಅಂಚೆಯವರು ಅವನನ್ನೇ ನೋಡುತ್ತಿದ್ದರು. ಕತ್ತರಿಯನ್ನು ಭಾವಮೈದುನನ ಕೈಗಿಟ್ಟು, ಕಾಯುವ ಗಿರಾಕಿಗಳ ಬೆಂಚಿಗೆ ಹೋಗಿ ಕೂತ.

ಕೀಮೋ ವಾರ್ಡಿನಲ್ಲಿ ಮಾತ್ರ ಪೋರ್ಟ್ ಹೇಳಿದ ಹಾಗೆಯೇ ಕೆಲಸ ಮಾಡಿತು. ಮರಗಟ್ಟಿಸುವ ಮುಲಾಮು ಹಚ್ಚಿ, “ಉಸಿರು ಎಳ್ಕೊಳ್ಳಿ” ಎಂದು ಸಿಸ್ಟರ್ ಡಬ್ಬಿಗೆ ಸೂಜಿ ಒತ್ತಿದಳು. ಚುಚ್ಚಿದ್ದು ಗೊತ್ತಾಯಿತು, ಅಷ್ಟೆ. ಒಂದೇ ಸಲಕ್ಕೆ ರಕ್ತ ಬಂತು, ಸೂಜಿ ಸರಿಯಾಗಿ ಕೂತಿತ್ತು. ಎರಡೂ ಕೈ ಖಾಲಿ ಉಳಿದವು. ಎದುರಿನ ಹಾಸಿಗೆಯಲ್ಲಿ ಒಬ್ಬ ಅಜ್ಜಿಯ ಕೈ ತಟ್ಟಿ ತಟ್ಟಿ ನರ ಹುಡುಕುತ್ತಿದ್ದರು.

“ಅದು ಎದೇಲಿ ಹಾಕಿಸ್ಕೊಂಡಿದ್ದೀಯಲ್ಲಪ್ಪ, ತುಂಬ ನೋಯತ್ತಾ? ನಂಗೂ ಹಾಕ್ತೀವಿ ಅಂತಿದ್ದಾರೆ.”

“ಹಾಕುವಾಗ ಮರಗಟ್ಟಿಸ್ತಾರೆ ಅಜ್ಜಿ. ಒತ್ತೋದು ಎಳೆಯೋದು ಗೊತ್ತಾಗತ್ತೆ, ಭಯ ಆಗತ್ತೆ. ಆಮೇಲೆ ನಾಲ್ಕಾರು ದಿನ ನೋವು. ಒಬ್ರು ಜೊತೇಲಿದ್ರೆ ಒಳ್ಳೇದು.”

“ಹಾಕಿಸ್ಕೊಂಡ್ರೆ ವಾಸಿ ಆಗತ್ತಾ?”

“ಕೈಗೆ ಚುಚ್ಚೋದು ತಪ್ಪತ್ತೆ ಅಜ್ಜಿ” ಎಂದ. ಅಜ್ಜಿ ತಲೆಯಾಡಿಸಿದಳು.

ಕೀಮೋ ಮುಗಿದು ಬಹಳ ಕಾಲವಾಯಿತು. ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು.

“ಹಾಗಾದ್ರೆ ಇದನ್ನ ತೆಗೆದುಬಿಡ್ತೀರಾ ಸಾರ್?”

“ಇರ್ಲಿ, ಮತ್ತೆ ಬೇಕಾದ್ರೆ?”

ಡಬ್ಬಿ ಅಲ್ಲೇ ಉಳಿಯಿತು. ಒಳಗೆ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಹೋಗಬಾರದೆಂದು, ಆಸ್ಪತ್ರೆಯವರು ಹೇಳಿದಾಗಲೆಲ್ಲ ಹೋಗಿ ಔಷಧದ ನೀರು ಹಾಯಿಸಿಕೊಂಡು ಬರುತ್ತಾನೆ. ಸಲೂನಿನಲ್ಲಿ ಈಗ ಗಡ್ಡ ಮಾತ್ರ ಅವನದು, ಅದೂ ಬೆರಳು ಮಾತು ಕೇಳಿದ ದಿನ. ಹೆಂಡತಿ ನಡುನಡುವೆ ಅಂಗಿಯ ಮೇಲಿಂದ ಆ ಉಬ್ಬನ್ನು ಮುಟ್ಟಿ ನೋಡುತ್ತಾಳೆ. ಬೇಡ ಎನ್ನಲು ಅವನಿಗೆ ಮನಸ್ಸಾಗುವುದಿಲ್ಲ.