ಬೆನ್ನಿಗಿಲ್ಲದ ತುರಿಕೆ

ಗಂಗಾವತಿಯಲ್ಲಿ ಔಷಧಿ ಅಂಗಡಿ ಇಟ್ಟವನಿಗೆ ಎರಡು ಬಗೆಯ ಗಿರಾಕಿಗಳು. ಡಾಕ್ಟರ ಚೀಟಿ ತರುವವರು ಒಂದು ಬಗೆ. ಚೀಟಿ ಇಲ್ಲದೆ ಬಂದು ನನ್ನನ್ನೇ ಡಾಕ್ಟರನನ್ನಾಗಿ ಮಾಡುವವರು ಇನ್ನೊಂದು. ಈ ಎರಡನೆಯವರಿಗೆ ನಾನು ಬೈಯದೆ ಏನನ್ನೂ ಕೊಡುವುದಿಲ್ಲ. ಬೈಸಿಕೊಂಡೂ ಅವರು ನನ್ನಲ್ಲಿಗೇ ಬರುತ್ತಾರೆ. ಕನಕಮ್ಮನೂ ಚೀಟಿ ಇಲ್ಲದೆ ಬರುವವಳೇ. ಆದರೆ ಅವಳಿಗೆ ಬೈಯುವುದರಲ್ಲಿ ಸುಖವಿರಲಿಲ್ಲ. ಬೈದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿ, ಮುಗಿದ ಮೇಲೂ ಅಲ್ಲೇ ನಿಂತಿರುತ್ತಿದ್ದಳು. ದಿನದಲ್ಲಿ ಅವಳೊಡನೆ ಅಷ್ಟು ಹೊತ್ತು ಮಾತಾಡುವವರು ಬೇರೆ ಯಾರೂ ಇಲ್ಲವೆಂದು ನನಗೆ ಹೊಳೆದದ್ದು ತಡವಾಗಿ.

ಅವಳ ಮನೆ ನನ್ನ ಅಂಗಡಿಯ ಎದುರಿಗೇ. ಸರ್ದಾರಬೀ ಎಂಬ ಮುದುಕಿ ಬಾಡಿಗೆಗೆ ಕೊಡುವ ಸಾಲು ಖೋಲಿಗಳಲ್ಲಿ ಕೊನೆಯದು. ಕನಕಮ್ಮನ ತವರು ನವಲಿ. ಅಲ್ಲಿ ಅಪ್ಪ ಅವ್ವ ಇಬ್ಬರೂ ಇಲ್ಲ. ಗಂಡ ಗಾದಿಲಿಂಗಪ್ಪ ಕುಷ್ಟಗಿ ಕಡೆಯ ಹಳ್ಳಿಯವನು, ಭತ್ತ ಕೊಯ್ಯುವ ಯಂತ್ರದ ಡ್ರೈವರು. ಯಂತ್ರದ ಮಾಲೀಕ ಗಂಗಾವತಿಯವನಾದ್ದರಿಂದ ಇವರ ಸಂಸಾರವೂ ಇಲ್ಲಿ. ಸಂಸಾರ ಇಲ್ಲಿ, ಗಂಡ ಮಾತ್ರ ಎಲ್ಲಿ ಭತ್ತ ಹಣ್ಣಾಗಿದೆಯೋ ಅಲ್ಲಿ. ನಮ್ಮ ಕಾಲುವೆ ಸೀಮೆ ಮುಗಿದರೆ ಸಿಂಧನೂರು, ಅದು ಮುಗಿದರೆ ತೆಲಂಗಾಣ, ಅದರಾಚೆ ಇನ್ಯಾವುದೋ ಊರು. ಯಂತ್ರ ಶೆಡ್ಡಿಗೆ ಬಂದರೆ ಅವನೂ ಬಂದ, ಇಲ್ಲವಾದರೆ ಫೋನಿನಲ್ಲಿ ಒಂದು ದನಿ, ಅಷ್ಟೇ.

ಕನಕಮ್ಮ ಊರಾಚೆಯ ರೈಸ್ ಮಿಲ್ಲಿಗೆ ಹೋಗುತ್ತಿದ್ದಳು. ಕುದಿಸಿದ ಭತ್ತವನ್ನು ಕಣದಲ್ಲಿ ಹರವಿ ಕಾಲಿನಿಂದ ತಿರುವುವುದು, ಹೊಟ್ಟಿನ ರಾಶಿಯ ಸುತ್ತ ಗುಡಿಸುವುದು ಅವಳ ಕೆಲಸ. ನಮ್ಮಲ್ಲಿ ಇಂಥ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ಉದ್ದತೋಳಿನ ಅಂಗಿ ಹಾಕಿಕೊಳ್ಳುತ್ತಾರೆ, ಬಿಸಿಲಿಗೂ ಆಯಿತು, ಧೂಳಿಗೂ ಆಯಿತು. ಕನಕಮ್ಮನದು ನೀಲಿ ಚೌಕಳಿಯ ಅಂಗಿ. ಬೆಳಿಗ್ಗೆ ಅದನ್ನು ತೊಟ್ಟು, ಮಗಳು ಸಹನಾಳನ್ನು ಸರ್ದಾರಬೀಯ ಮಡಿಲಿಗೆ ಹಾಕಿ ಹೋದರೆ ಸಂಜೆಗೇ ಬರುವುದು. ಬಂದವಳೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಳು.

"ಆ ಅಂಗೀ ನೋಡಿ ಕೂಸು ಅಪ್ಪ ಅಂತೈತ್ರೀ," ಎಂದು ಒಮ್ಮೆ ಸರ್ದಾರಬೀ ಹೇಳಿದಾಗ ನಾನು ನಕ್ಕಿದ್ದೆ. ಕೂಸು ಮಾತು ಕಲಿಯುವ ಹೊತ್ತಿಗೆ ಅಪ್ಪ ಊರಲ್ಲಿರಲಿಲ್ಲ. ತೋರಿಸಲು ಅವ್ವನ ಕೈಯಲ್ಲಿ ಇದ್ದದ್ದು ಅದೊಂದೇ.

ನಡೆಯಲು ಕಲಿತ ಹೊಸತರಲ್ಲಿ ಸಹನಾಳಿಗೆ ಮೈ ತುರಿಕೆ ಶುರುವಾಯಿತು. ಮೊದಲು ಗಲ್ಲ ಕೆಂಪಾಯಿತು, ಆಮೇಲೆ ಕೊರಳು, ಆಮೇಲೆ ಹೊಟ್ಟೆ. ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು. ಸಣ್ಣ ಉಗುರುಗಳನ್ನು ಎಷ್ಟು ಕತ್ತರಿಸಿದರೂ ಕೆರೆಯಲಿಕ್ಕೆ ಏನೋ ಉಳಿದೇ ಇರುತ್ತಿತ್ತು. ನಾನು ಕೊಟ್ಟ ಮುಲಾಮಿಗೆ ತಗ್ಗಿತು, ಬಿಟ್ಟರೆ ಮತ್ತೆ ಬಂತು. ಸಣ್ಣ ಕೂಸಿಗೆ ಅಂಥ ಮುಲಾಮನ್ನು ಮೇಲಿಂದ ಮೇಲೆ ಹಚ್ಚಬಾರದೆಂದು ಬೈದು, ಕೊಡುವುದನ್ನು ನಿಲ್ಲಿಸಿದೆ.

ಇನ್ನು ಓಣಿಯವರು ಸುಮ್ಮನಿರುತ್ತಾರೆಯೇ? ಬದನೆಕಾಯಿ ಬಿಡು ಎಂದರು, ಬಿಟ್ಟಳು. ಶೇಂಗಾ ಬಿಡು ಎಂದರು, ಅದನ್ನೂ ಬಿಟ್ಟಳು. ಬೇವಿನ ಸೊಪ್ಪಿನ ನೀರು ಎರೆದಳು. ಹುಲಿಗೆಮ್ಮನಿಗೆ ಹರಕೆ ಹೊತ್ತು ಹುಲಿಗಿಗೆ ಹೋಗಿ ಬಂದಳು. ಪುಕ್ಕಟೆ ಸಲಹೆಗೆ ನಮ್ಮ ಓಣಿಯಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಆದರೆ ಸಲಹೆ ಕೊಟ್ಟವರಲ್ಲಿ ಒಬ್ಬರೂ ಒಂದು ತಾಸು ಆ ಕೂಸನ್ನು ಎತ್ತಿಕೊಳ್ಳಲಿಲ್ಲ. ಅಂಟುರೋಗವಿದ್ದೀತೆಂದು ತಮ್ಮ ಮಕ್ಕಳನ್ನು ದೂರ ಕರೆದುಕೊಂಡರು. ಸರ್ದಾರಬೀಯದೊಂದು ಮಡಿಲು ಬಿಟ್ಟರೆ ಕನಕಮ್ಮನಿಗೆ ಯಾರ ಬಾಗಿಲೂ ಉಳಿಯಲಿಲ್ಲ.

ಆ ನಡುವೆ ನೆಂಟರ ಮದುವೆಗೆಂದು ಕುಷ್ಟಗಿ ಕಡೆ ಅತ್ತೆಯ ಊರಿಗೆ ಹೋದಳು. ಅಲ್ಲಿದ್ದಷ್ಟು ದಿನ ಕೂಸಿನ ಮೈ ತಿಳಿಯಾಯಿತು. ಗಲ್ಲದ ಹುಣ್ಣು ಒಣಗಿತು. ತಿರುಗಿ ಗಂಗಾವತಿಗೆ ಬಂದು ವಾರ ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ ಆಯಿತು.

ಅತ್ತೆ ಯಂಕವ್ವ ಫೋನಿನಲ್ಲಿ ತೀರ್ಪು ಕೊಟ್ಟಳು. "ಕಾಲುವಿ ನೀರು ಹಿಡಿಸಿಲ್ಲ ಅದಕ. ನನ್ನ ಮೊಮ್ಮಗಳನ್ನ ನನ್ನ ಹತ್ರ ಬಿಡು. ಇಲ್ಲಿ ಛಲೋ ಇರ್ತೈತಿ."

ಆ ಊರಿನ ನೀರು ಎಂಥದೆಂದು ನನಗೆ ಗೊತ್ತು. ಬಾಯಿಗಿಟ್ಟರೆ ಸವಳು, ಅಲ್ಲಿಯವರೇ ಅದಕ್ಕೆ ಶಾಪ ಹಾಕುತ್ತಾರೆ. ಆದರೆ ಯಂಕವ್ವ ಕೆಟ್ಟವಳಲ್ಲ. ಕೂಸು ತನ್ನ ಕಣ್ಣೆದುರೇ ವಾಸಿಯಾದದ್ದನ್ನು ನೋಡಿದ್ದಳು. ಗಾದಿಲಿಂಗಪ್ಪನೂ ಎಲ್ಲಿಂದಲೋ ಫೋನು ಮಾಡಿ ಅದನ್ನೇ ಹೇಳಿದ. "ಅವ್ವನ ಹತ್ರ ಬಿಡು. ದೊಡ್ಡಾಕಿ ಆದ ಮ್ಯಾಲೆ ಕರ್ಕೊಂಡು ಬಂದ್ರಾತು. ಅಮಾಸಿಗೆ ನಾನ ಬಂದು ಬಿಟ್ಟು ಬರ್ತೀನಿ."

ಮರುದಿನ ಕನಕಮ್ಮ ನನ್ನ ಅಂಗಡಿಯ ಮುಂದೆ ನಿಂತು ಇದನ್ನು ಹೇಳಿದಳು. "ಅಮಾಸಿ ಭಾಳ ದೂರ ಇಲ್ರಿ, ಕರಿಬಸಪ್ಪಣ್ಣ. ಕೂಸು ಹೋದ್ರ ನಾ ಸಂಜೀಕ ಯಾರ ಮುಂದ ಬಾಗಲಾ ತೆಗೀಲಿ?"

ನಾನು ಕೆಮ್ಮಿನ ಔಷಧಿಯ ಬಾಟಲಿಗಳನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದೆ.

ಅವಳೇನೂ ಕೈ ಕಟ್ಟಿ ಕೂರಲಿಲ್ಲ. ಕುಷ್ಟಗಿ ಬಸ್ಸಿನ ಕಂಡಕ್ಟರನ ಕೈ ಕಾಲು ಹಿಡಿದು ಅತ್ತೆಯ ಊರಿನ ನೀರನ್ನು ಕ್ಯಾನಿನಲ್ಲಿ ತರಿಸಿದಳು. ಜಗತ್ತಿನವರೆಲ್ಲ ಕಾಲುವೆಯ ನೀರಿಗೆ ಹಾತೊರೆಯುವಾಗ ಇವಳು ಆ ಸವಳು ನೀರನ್ನು ಕಾಯಿಸಿ ಕೂಸಿಗೆ ಎರೆದಳು, ಅದನ್ನೇ ಕುಡಿಸಿದಳು. ತುರಿಕೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ನೀರಿನದಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಆದರೆ ಅದನ್ನು ಅತ್ತೆಗೆ ನಂಬಿಸುವುದು ಹೇಗೆ?

ಅದೇ ಹೊತ್ತಿಗೆ ಸರ್ದಾರಬೀ ಒಂದು ಮಾತಾಡಿಬಿಟ್ಟಳು. "ಹಗಲೆಲ್ಲಾ ನನ್ನ ಹತ್ರ ಆಡ್ತೈತಿ, ಅಷ್ಟು ಕೆರಕೊಳ್ಳೂದಿಲ್ಲವಾ. ನೀ ಬಂದ ಮ್ಯಾಲೇ ಶುರು ಆಕ್ಕೈತಿ ನೋಡು."

ಮುದುಕಿ ಕಂಡದ್ದನ್ನು ಹೇಳಿದ್ದಳು, ಅಷ್ಟೇ. ಕನಕಮ್ಮನಿಗೆ ಅದು ಎದೆಗೆ ನೆಟ್ಟಿತು. ಆ ಸಂಜೆ ಅಂಗಡಿಗೆ ಬಂದು ಏನನ್ನೂ ಕೇಳದೆ ನಿಂತಳು. ಕಣ್ಣು ಕೆಂಪಾಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಅವಳ ಮೇಲೆಯೇ ಹರಿಹಾಯ್ದೆ. "ನಾಳೆ ಮಧ್ಯಾಹ್ನ ಕೂಸನ್ನ ಕರ್ಕೊಂಡು ಬಾ. ಚರ್ಮದ ಡಾಕ್ಟರ ಹತ್ರ ಹೋಗೂಣು. ಓಣಿ ಮಂದಿ ಮಾತು ಕೇಳಿ ಕೂಸನ್ನ ಹಣ್ಣು ಮಾಡೀದಿ."

ಮರುದಿನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಅವಳೊಡನೆ ಹೋದೆ. ಡಾಕ್ಟರ್ ರೂಪಾ ಕೂಸಿನ ಅಂಗಿ ಬಿಚ್ಚಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೈಬೆರಳುಗಳ ಸಂದಿ ನೋಡಿದರು, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ ಎಂದು ಕೇಳಿದರು. ಇಲ್ಲವೆಂದಳು. ಕುಷ್ಟಗಿಯಲ್ಲಿ ವಾಸಿಯಾದ ಕತೆಯನ್ನೂ ನೀರಿನ ಕತೆಯನ್ನೂ ಪೂರ್ತಿ ಕೇಳಿದರು. ಆಮೇಲೆ ಕೂಸನ್ನು ತಿರುಗಿಸಿ ನಮ್ಮಿಬ್ಬರಿಗೂ ಬೆನ್ನು ತೋರಿಸಿದರು.

"ನೋಡ್ರಿ, ಬೆನ್ನಿಗೆ ಒಂದು ಗುಳ್ಳಿ ಇಲ್ಲ. ಜಳಕ ಮಾಡ್ಸುವಾಗ ನೀರು ಬೆನ್ನಿಗೂ ಬೀಳ್ತೈತಿ ಹೌದಿಲ್ರಿ? ನೀರಿಂದು ಅಲ್ಲ ಇದು. ಗಲ್ಲ, ಕೊರಳು, ಎದಿ, ಹೊಟ್ಟಿ, ತೋಳಿನ ಒಳಮೈ, ಇಷ್ಟಕ್ಕ ಐತಿ. ಈ ಕೂಸು ಏನನ್ನೋ ತೆಕ್ಕಿ ಹಾಕ್ಕೊಂತೈತಿ, ದಿನಾ. ಊರಿಗೆ ಹೋದಾಗ ಅದು ಜೋಡಿ ಇದ್ದಿಲ್ಲ. ಅದೇನು ಹುಡುಕ್ರಿ."

ಎಷ್ಟೋ ಸಲ ಆ ಕೂಸನ್ನು ನೋಡಿದ ನನಗೆ ಬೆನ್ನು ನೋಡಬೇಕೆಂದು ಹೊಳೆದಿರಲಿಲ್ಲ. ಆದರೆ ಕನಕಮ್ಮನ ಮುಖದಲ್ಲಿ ಸಮಾಧಾನವಿರಲಿಲ್ಲ.

"ನಾನೇನ್ರಿ?" ಎಂದಳು. "ನನ್ನ ಬಿಟ್ರ ಅದು ತೆಕ್ಕಿ ಹಾಕ್ಕೊಳ್ಳಾಕ ಇನ್ಯಾರದಾರ್ರಿ?"

"ಊರಾಗೂ ನೀವಾ ಎತ್ಗೊಂಡಿದ್ರಿ, ಅಲ್ಲಿ ಛಲೋ ಆಗಿತ್ತಲ್ಲ," ಎಂದರು ಡಾಕ್ಟರು. ಆದರೆ ಆ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಆಟೋದಲ್ಲಿ ತಿರುಗಿ ಬರುವಾಗ ಕೂಸನ್ನು ತೊಡೆಯ ಮೇಲೆ ಆಚೆ ಮುಖ ಮಾಡಿ ಕೂರಿಸಿ, ಎದೆಗೆ ತಾಗದಂತೆ ಎರಡೂ ಕೈಗಳಿಂದ ದೂರ ಹಿಡಿದಿದ್ದಳು. ಕೂಸು ತಿರುಗಿ ತಿರುಗಿ ಅವ್ವನ ಕಡೆ ಬರಲು ನೋಡುತ್ತಿತ್ತು. ಇಂಥದ್ದನ್ನು ನೋಡುವುದು ಯಾರಿಗೂ ಬೇಡ.

ಉಳಿದದ್ದನ್ನು ಅವಳೇ ಹೇಳಿದಳು. ಮನೆಗೆ ಬಂದು ಕೂಸನ್ನು ನೆಲಕ್ಕೆ ಬಿಟ್ಟಳಂತೆ. ಅವ್ವ ಎತ್ತಿಕೊಳ್ಳದಿದ್ದಾಗ ಅದು ಅತ್ತು, ಬೇಸತ್ತು, ಗೂಟದ ಕಡೆಗೆ ನಡೆದು ಕೈ ಮೇಲೆ ಮಾಡಿ "ಅಪ್ಪ" ಎಂದಿತಂತೆ. ದಿನವೂ ಅದೇ ರೂಢಿ. ಅವ್ವ ರೊಟ್ಟಿ ಬಡಿಯಲು ಕೂತಾಗ ಆ ಅಂಗಿಯನ್ನು ಕೈಗೆ ಕೊಡುತ್ತಿದ್ದಳು. ಅದನ್ನು ತಬ್ಬಿ, ಕಾಲರಿಗೆ ಗಲ್ಲ ಒತ್ತಿ ಕೂಸು ಮಲಗಿಬಿಡುತ್ತಿತ್ತು. ಅಂದೂ ಕೈ ತಾನಾಗಿ ಅಂಗಿ ತೆಗೆದುಕೊಟ್ಟಿತು. ಕೂಸು ಅದರಲ್ಲಿ ಮುಖ ಹುದುಗಿಸಿತು. ಆಗ ಕನಕಮ್ಮನಿಗೆ ಕಂಡಿತು, ಮದುವೆಗೆ ಹೋದಾಗ ಗೂಟದಲ್ಲೇ ಉಳಿದದ್ದು ಈ ಅಂಗಿ. ಸರಕ್ಕನೆ ಕಿತ್ತುಕೊಂಡು ಅಂಗಿಯ ಜೇಬನ್ನು ಒಳಹೊರಗು ಮಾಡಿದಳು.

ಆ ಅಂಗಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದಳು. ಜೇಬಿನ ಹೊಲಿಗೆಯಲ್ಲಿ, ಕಾಲರಿನ ಮಡಿಕೆಯಲ್ಲಿ ಹೊಟ್ಟಿನ ಧೂಳು ಗಟ್ಟಿಯಾಗಿ ಕೂತಿತ್ತು. ಭತ್ತದ ಸಣ್ಣ ಮುಳ್ಳುಗಳು ಬಟ್ಟೆಯ ಎಳೆಗಳಲ್ಲಿ ಸಿಕ್ಕಿಕೊಂಡಿದ್ದವು. ಕಣದಲ್ಲಿ ನಡೆದ ದೊಡ್ಡವರ ಮೈಯೇ ಅದಕ್ಕೆ ಕಡಿಯುತ್ತದೆ, ಕೂಸಿನ ಮೈ ಎಷ್ಟರದು?

"ಯಾವಾಗ ಒಗದಿದ್ದಿ ಇದನ್ನ?" ಎಂದು ಗದರಿದೆ.

"ಒಗದಿಲ್ರಿ," ಎಂದಳು. "ಝಾಡಿಸಿ ಹಾಕ್ತಿದ್ದೆ. ಒಗದ್ರ ಅವರ ವಾಸನಿ ಹೋಗ್ತೈತ್ರಿ."

ಮತ್ತೊಂದು ಬೈಗುಳ ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಗಾದಿಲಿಂಗಪ್ಪ ಕಳೆದ ಸಲ ಹೋಗುವಾಗ ಬಿಟ್ಟುಹೋದ ಅಂಗಿ ಅದು. ಡೀಸೆಲು, ಬೆವರು, ಒಂದಿಷ್ಟು ತಂಬಾಕಿನ ವಾಸನೆ. ಎಷ್ಟೋ ದಿನದ ಹೊಟ್ಟಿನ ಧೂಳಿನ ಅಡಿಯಲ್ಲಿ ಅದು ಇನ್ನೂ ಉಳಿದಿತ್ತೋ ಇಲ್ಲವೋ, ನನಗೆ ತಿಳಿಯದು. ಅವಳಿಗೆ ಉಳಿದಿತ್ತು. ಕೂಸಿಗೆಂದು ಒಗೆಯದೆ ಇಟ್ಟದ್ದು ಎಂದಳು. ಕೂಸಿಗೆ ಮಾತ್ರವೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಖೋಲಿಯ ಮುಂದಿನ ಕಲ್ಲಿನ ಮೇಲೆ ಆ ಅಂಗಿಯನ್ನು ಒಗೆದಳು. ಕುದಿಯುವ ನೀರಲ್ಲಿ ನೆನೆಸಿ, ಸೋಪು ತಿಕ್ಕಿ, ಜೇಬು ತಿರುವಿ, ಮತ್ತೆ ಮತ್ತೆ ಹಿಂಡಿದಳು. ಸರ್ದಾರಬೀ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಒಣಗಿದ ಮೇಲೆ ಕನಕಮ್ಮ ಅಂಗಿಯನ್ನು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಸೋಪಿನ ವಾಸನೆ ಮಾತ್ರ ಇದ್ದಿರಬೇಕು.

ಅಂದಿನಿಂದ ಅದನ್ನು ಮಿಲ್ಲಿಗೆ ತೊಡಲಿಲ್ಲ. ಸರ್ದಾರಬೀ ತನ್ನ ಮಗನದೊಂದು ಹಳೆಯ ಅಂಗಿ ಕೊಟ್ಟಳು, ಅದು ಮಿಲ್ಲಿನಲ್ಲೇ ಉಳಿಯಿತು. ಸಂಜೆ ಬಂದರೆ ಮೊದಲು ಬಚ್ಚಲಿಗೆ ಹೋಗಿ ಮೈತೊಳೆದು ಸೀರೆ ಬದಲಿಸಿದ ಮೇಲೆಯೇ ಕೂಸನ್ನು ಮುಟ್ಟುವುದು. ಮೊದಮೊದಲು ಕೂಸು ಕೈ ಚಾಚಿ ಓಡಿಬರುತ್ತಿತ್ತು, ಅವಳು ಅದನ್ನು ತಪ್ಪಿಸಿಕೊಂಡು ಒಳಗೆ ಹೋಗುತ್ತಿದ್ದಳು. ಅದರ ಅಳು ನನ್ನ ಅಂಗಡಿಯವರೆಗೆ ಕೇಳಿಸುತ್ತಿತ್ತು. ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಕೂಸಿನ ಮೈ ತಿಳಿಯಾಗಿತ್ತು. ಒಗೆದ ಅಂಗಿಯನ್ನು ಮಾತ್ರ ಅದು ಬಿಟ್ಟಿರಲಿಲ್ಲ.

ಹೇಳಿದಂತೆ ಅಮಾವಾಸ್ಯೆಗೆ ಗಾದಿಲಿಂಗಪ್ಪ ಬಂದ. ಕೂಸನ್ನು ಕುಷ್ಟಗಿಗೆ ಒಯ್ಯಲೆಂದೇ ಬಂದವನು, ಅದಕ್ಕೊಂದು ಹೊಸ ಫ್ರಾಕು, ಬಿಸ್ಕತ್ತು ತಂದಿದ್ದ. ಸಂಜೆಯ ಹೊತ್ತು, ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಕನಕಮ್ಮ ಮಗಳ ಗಲ್ಲ, ಕೊರಳು ತೋರಿಸಿದಳು. "ಇಲ್ಲೇ ಛಲೋ ಆಗೈತ್ರಿ. ನೀರಿಂದಲ್ಲ, ಧೂಳಿಂದು," ಎಂದಳು.

ಅವನಿಗೂ ಖುಷಿಯಾಯಿತು. "ಬಾರವಾ, ಅಪ್ಪನ ಹತ್ರ ಬಾ," ಎಂದು ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದ.

ಕೂಸು ಅವ್ವನ ಸೀರೆಯ ಹಿಂದೆ ಅಡಗಿತು. "ಅಪ್ಪ ನಾನ," ಎಂದು ಅವನು ಮತ್ತೆ ಕರೆದ. ಅದು ಅವನನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ, ಪಾಪ ಈ ಮನುಷ್ಯನಿಗೆ ಗೊತ್ತಿಲ್ಲವೆಂದುಕೊಂಡಿತೋ ಏನೋ, ಕೈ ಎತ್ತಿ ಒಣಗಲು ತಂತಿಯ ಮೇಲೆ ಹಾಕಿದ್ದ ನೀಲಿ ಚೌಕಳಿಯ ಅಂಗಿಯನ್ನು ತೋರಿಸಿ "ಅಪ್ಪ" ಎಂದಿತು.

ಗಾದಿಲಿಂಗಪ್ಪ ಮೊದಲು ನಕ್ಕ. ನಗು ನಿಂತಿತು, ಚಾಚಿದ ಕೈ ಹಾಗೇ ಇತ್ತು.

"ನಿಮ್ಮ ಅವ್ವನ ಹತ್ರ ಬಿಟ್ಟಿದ್ರ," ಎಂದಳು ಕನಕಮ್ಮ, ಸಿಟ್ಟಿಲ್ಲದೆ, "ನನ್ನ ಸೀರಿನೂ ಹಿಂಗ ತೋರಿಸಿ ಅವ್ವ ಅಂತಿತ್ರಿ."

ಅವನು ಕೈ ಇಳಿಸಿ, ಹೊಸ್ತಿಲ ಹೊರಗೆ ಕೂತು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕೂಸಿನ ಎದುರಿಗೆ ನೆಲದ ಮೇಲಿಟ್ಟ.